ನಡುಗುವ ಕೈ

2025 ಸೆಪ್ಟೆಂಬರ್ 9, ಮಂಗಳವಾರ

ಮಾಧವರಂನಲ್ಲಿ ಬೆಳಗು ಹಾಲಿನ ಲಾರಿಗಳ ಜೊತೆ ಬರುತ್ತದೆ. ಕಿಟಕಿಯಿಂದ ಏನೂ ಕಾಣುವುದಿಲ್ಲ, ಕ್ರೇಟುಗಳು ಒಂದಕ್ಕೊಂದು ತಾಗುವ ಸದ್ದು ಮಾತ್ರ. ಎಲ್ಲೋ ದೂರದ ಕೆರೆಯಲ್ಲಿ ಬಳೆ ತೊಟ್ಟ ಹೆಂಗಸೊಬ್ಬಳು ಬಟ್ಟೆ ಒಗೆಯುತ್ತಿದ್ದಾಳೆ ಎಂದುಕೊಂಡೆ. ಅವಳು ಇಡೀ ಬೆಳಗು ಒಗೆದಳು. ಅಷ್ಟು ಬಟ್ಟೆ ಯಾರದ್ದು?

ಯಾರು, ಎಲ್ಲಿ ಎಂದು ದಿನಾ ಬರೆಯಿರಿ, ಮನಸ್ಸಿಗೆ ಕಾಲೂರಲು ಜಾಗ ಸಿಗುತ್ತದೆ ಎಂದಿದ್ದಾರೆ ಡಾಕ್ಟರ್ ರಚನಾ. ಬರೆಯುತ್ತೇನೆ. ನಾನು ವಿನೋದಾ. ತಮಿಳರ ಈ ಮಹಾನಗರದಲ್ಲೇ ವೆಸ್ಟ್ ಮಾಂಬಲಂನವಳು. ಮೊದಲು ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆ. ಗಂಡ ಮಧ್ವರಾಜ, ಉಡುಪಿ ಕಡೆಯವರು, ಹೋಟೆಲು ನಡೆಸುತ್ತಾರೆ. ಮಗಳು ಅಶ್ವಿತಾ, ಹತ್ತನೇ ಕ್ಲಾಸು. ಅತ್ತೆ ಸರಸಮ್ಮ. ನಿನ್ನೆ ಮೂವರೂ ಬಂದು ನನ್ನನ್ನು ಈ ಆಸ್ಪತ್ರೆಯಲ್ಲಿ ಬಿಟ್ಟು ಹೋದರು. ಅಶ್ವಿತಾ ಕಾರಿನಿಂದ ಇಳಿಯಲಿಲ್ಲ.

ಕೈ ನಡುಗುತ್ತಿದೆ. ಇವು ನನ್ನ ಅಕ್ಷರಗಳಲ್ಲ. ಯಾವುದೋ ಇರುವೆ ಮಸಿಯಲ್ಲಿ ಬಿದ್ದು, ಎದ್ದು, ಮನೆಗೆ ನಡೆದು ಹೋದದ್ದು.

ಸೆಪ್ಟೆಂಬರ್ 12, ಶುಕ್ರವಾರ

ಬೆವರು. ಸೂಜಿ. ಗೋಡೆಯಲ್ಲಿ ನೀರು ಏರುತ್ತಿದೆ ಎಂದೆ. ನರ್ಸು ಗೋಡೆ ಮುಟ್ಟಿ ಅಂಗೈ ತೋರಿಸಿದಳು. ಒಣಗಿತ್ತು, ನಿಜ. ಆದರೆ ಅವಳ ಕೈಗೆ ಯಾಕೆ ತಾಗಬೇಕು? ನೀರು ಬಂದದ್ದು ನನಗಾಗಿ.

ಸೆಪ್ಟೆಂಬರ್ 20, ಶನಿವಾರ

ಇವತ್ತು ಡಾಕ್ಟರಿಗೆ ಅವಳ ವಿಷಯ ಹೇಳಿದೆ. ಹೆಸರಿಲ್ಲ ಅವಳಿಗೆ, ಮುಖವಿಲ್ಲ, ದನಿ ಮಾತ್ರ. ನೀರಿನ ಅಡಿಯಿಂದ ಮಾತಾಡಿದ ಹಾಗೆ ಬರುತ್ತದೆ. ಕೆಲವು ವರ್ಷದ ಹಿಂದೆ, ನಿದ್ದೆಯೇ ಬೇಡವೆನಿಸಿ ನಾನು ಹಾರಾಡಿಕೊಂಡಿದ್ದ ಒಂದು ಬೇಸಗೆಯಲ್ಲಿ ಮೊದಲು ಬಂದಳು. ನೀನು ಎಷ್ಟು ಚಂದ ವಿನೋದಾ, ಈ ಊರೆಲ್ಲ ನಿನ್ನದು ಎಂದಳು. ಆಮೇಲೆ ನಾನು ಹಾಸಿಗೆಯಿಂದ ಏಳಲಾರದ ದಿನಗಳು ಬಂದಾಗ ಅದೇ ದನಿಯಲ್ಲಿ, ಸ್ವಲ್ಪವೂ ಸಿಟ್ಟಿಲ್ಲದೆ, ನೀನು ಯಾತಕ್ಕೂ ಬಾರದವಳು, ಬಾ, ನೀರಿಗೆ ಬಂದುಬಿಡು ಎಂದಳು.

ಬ್ರಾಂದಿ ಒಳಗೆ ಹೋದರೆ ಅವಳು ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅದಕ್ಕೆ ಕುಡಿದೆ. ನನ್ನಾರಿ ಶರಬತ್ತಿನ ಬಾಟಲಿಯಲ್ಲಿ ತುಂಬಿಟ್ಟು ಕುಡಿದೆ. ಬಣ್ಣ ಒಂದೇ.

ಡಾಕ್ಟರರ ಮನೆಮಾತು ಹುಬ್ಬಳ್ಳಿ ಕಡೆಯದು. ಎಲ್ಲ ಕೇಳಿಸಿಕೊಂಡು, "ಈ ಹಿಂದ ಎಲ್ಲೆಲ್ಲಿ ತೋರಿಸಿದ್ರಿ?" ಎಂದರು.

ಕುಡಿತ ಬಿಡಿಸುವ ಒಂದು ಕಡೆ ಸೇರಿಸಿದ್ದರು. ಒಬ್ಬಳೇ ಮಾತಾಡುತ್ತಾಳೆ, ಇದು ನಮ್ಮ ಕೆಲಸವಲ್ಲ ಎಂದು ವಾರದೊಳಗೆ ಕಳಿಸಿದರು. ಮನೋರೋಗದ ಡಾಕ್ಟರೊಬ್ಬರು ಬಾಯಿಯ ವಾಸನೆ ನೋಡಿ, ಮೊದಲು ಅದನ್ನು ಬಿಟ್ಟು ಆಮೇಲೆ ಬನ್ನಿ ಎಂದರು.

"ಅಂದ್ರ ನೀವು ನಡುವ ಓಣ್ಯಾಗ ನಿಂತ್ರಿ," ಎಂದರು ರಚನಾ. "ನೋಡ್ರಿ, ಎರಡೂ ಕೂಡೇ ಬಂದಾವ. ಒಂದನ್ನ ಹೊರಗ ನಿಲ್ಲಿಸಿ ಇನ್ನೊಂದಕ್ಕ ಔಷಧ ಕೊಟ್ರ ಉಪಯೋಗಿಲ್ಲ. ಇಲ್ಲಿ ಎರಡಕ್ಕೂ ಕೂಡೇ ನೋಡತೀವಿ."

ಅವಳು ಹೋಗಿಬಿಟ್ಟರೆ ನನ್ನ ಹತ್ತಿರ ಏನು ಉಳಿಯುತ್ತದೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಅವಳು ಅಲ್ಲೇ ಕೇಳಿಸಿಕೊಳ್ಳುತ್ತಿದ್ದಳು.

ಅಕ್ಟೋಬರ್ 4, ಶನಿವಾರ

ಪಕ್ಕದ ಮಂಚದವಳ ಹೆಸರು ಎಳಿಲರಸಿ. ಎಣ್ಣೂರಿನ ಕುಪ್ಪದವಳು, ಮೀನುಗಾರರ ಕೇರಿ ಅದು. ಮಗು ಹೊಟ್ಟೆಯಲ್ಲೇ ತೀರಿಕೊಂಡ ಮೇಲೆ ಇವಳ ಮೇಲೆ ಒಂದು ಕತ್ತಲು ಕೂತಿತಂತೆ. ಗಂಡ ಕಡಲಿಗೆ ಹೋದಾಗ ಕುಡಿಯುತ್ತಿದ್ದಳು, ಬಂದಾಗಲೂ ಕುಡಿಯುತ್ತಿದ್ದಳು. ನಗುತ್ತಲೇ ಹೇಳಿದಳು, ಕಣ್ಣು ಮಾತ್ರ ಬೇರೆ ಎಲ್ಲೋ ಇತ್ತು.

ನಾನು ಭೂಗೋಳದ ಟೀಚರು ಎಂದು ಗೊತ್ತಾದಾಗಿನಿಂದ ನನಗೆ ಪಾಠ ಹೇಳುತ್ತಿದ್ದಾಳೆ. ಅವಳ ಊರಿನಲ್ಲಿ ಮೋಡ ಕಡಲಿನಿಂದ ಬರುವುದಿಲ್ಲವಂತೆ, ಕರೆಂಟು ತಯಾರಿಸುವ ಕಡೆ ಚಿಮಣಿಯಲ್ಲಿ ಹುಟ್ಟುತ್ತದಂತೆ. ಬೆಳಿಗ್ಗೆ ಎದ್ದ ಕೂಡಲೇ, "ಅಕ್ಕಾ, ಅಂದ ಅಮ್ಮ ವಂದಾಂಗಳಾ?" ಎಂದು ಕೇಳುತ್ತಾಳೆ. ಆ ಅಮ್ಮ ಬಂದಿದ್ದರಾ ಎಂದು. ನೆಂಟರ ಸುದ್ದಿ ಕೇಳಿದ ಹಾಗೆ.

ಬಂದಿದ್ದಳು ಎಂದೆ. ಆದರೆ ಏನು ಹೇಳಿದಳೆಂದು ಸರಿಯಾಗಿ ಕೇಳಿಸಲಿಲ್ಲ.

ಮಧ್ಯಾಹ್ನದ ಮಾತ್ರೆಗೆ ಸುಂದರವಾದ ನಿದ್ದೆ. ಕನಸಿನಲ್ಲಿ ನಾನು ಗೋಡೆಯ ಮೇಲಿನ ದೊಡ್ಡ ಭೂಪಟವನ್ನು ಒಗೆದು ಹಿಂಡುತ್ತಿದ್ದೆ. ನೀಲಿ ಬಣ್ಣವೆಲ್ಲ ಬಕೆಟ್ಟಿಗೆ ಇಳಿಯಿತು. ದೇಶಗಳು ಬೆಳ್ಳಗೆ, ಹಗುರವಾಗಿ, ತಂತಿಯ ಮೇಲೆ ಒಣಗುತ್ತಿದ್ದವು.

ಅಕ್ಟೋಬರ್ 19, ಭಾನುವಾರ

ನಾಳೆ ದೀಪಾವಳಿ. ಅತ್ತೆ ಒಬ್ಬರೇ ಬಸ್ಸು ಹಿಡಿದು ಬಂದರು. ಎರಡು ಕಣ್ಣಿಗೂ ಪೊರೆ ಬಂದು ಬಸ್ಸಿನ ನಂಬರು ಕಾಣಿಸುವುದಿಲ್ಲ ಅವರಿಗೆ. ಕೇಳಿ ಕೇಳಿ ಹತ್ತಿ, ಕೇಳಿ ಕೇಳಿ ಇಳಿದಿದ್ದಾರೆ. ಡಬ್ಬಿಯಲ್ಲಿ ಹಾಲುಬಾಯಿ ಇತ್ತು.

"ಮಧ್ವನಿಗೆ ಹೋಟೆಲಿನಲ್ಲಿ ರಶ್ಶು ಮಗಾ," ಎಂದರು.

"ಅಶ್ವಿತಾ?"

"ಅವಳಿಗೆ ಪರೀಕ್ಷೆ ಉಂಟಂತೆ."

ಸುಳ್ಳು ಹೇಳುವಾಗ ಅತ್ತೆ ಸೆರಗಿನ ತುದಿ ಸುರುಳಿ ಸುತ್ತುತ್ತಾರೆ. ನನ್ನ ಕೆನ್ನೆ, ಗಲ್ಲ, ಕತ್ತು ಎಲ್ಲ ಮುಟ್ಟಿ ನೋಡಿದರು. ಹಲಸಿನಕಾಯಿ ಬೆಳೆದಿದೆಯೋ ಇಲ್ಲವೋ ನೋಡುವವರ ಹಾಗೆ. "ಸ್ವಲ್ಪ ಮೈ ಬಂದಿದೆ," ಎಂದರು. ಎಳಿಲರಸಿಗೂ ಹಾಲುಬಾಯಿ ಕೊಟ್ಟರು. ಅವಳು ಎರಡು ಸಲ ಕೇಳಿ ತಿಂದಳು.

ಅವರು ಹೋದ ಮೇಲೆ ಅಳಬೇಕೆಂದು ಮಲಗಿದೆ. ನಿದ್ದೆ ಬಂದುಬಿಟ್ಟಿತು.

ನವೆಂಬರ್ 3, ಸೋಮವಾರ

ಮನೆ. ಇವರು ಕಾರು ತಂದಿದ್ದರು. ಮಳೆ. ಗಾಜಿನ ಮೇಲೆ ಊರು ಕರಗಿ ಕರಗಿ ಇಳಿಯುತ್ತಿತ್ತು. ದಾರಿಯಿಡೀ ಇವರು ವೈಪರ್ ಬಗ್ಗೆ ಮಾತಾಡಿದರು.

ಮಾತ್ರೆ ದಿನಾ ತಪ್ಪಬಾರದು. ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು. ಶನಿವಾರ ಮಾಧವರಂನಲ್ಲಿ ನಮ್ಮಂಥವರೆಲ್ಲ ಕೂತು ಮಾತಾಡುವುದು, ಅದಕ್ಕೂ ತಪ್ಪಬಾರದು. ಇಷ್ಟನ್ನು ಡಾಕ್ಟರ್ ಹೇಳಿದರು, ಇವರು ತಲೆಯಾಡಿಸಿದರು.

ಮನೆಯಲ್ಲಿ ಎಲ್ಲರೂ ಹತ್ತಿಯ ಮೇಲೆ ನಡೆಯುತ್ತಿದ್ದಾರೆ. ಅತ್ತೆ ಬೀಳಿಸಿದ ಪಾತ್ರೆಗೂ ದನಿ ತಗ್ಗಿದಂತಿದೆ. ಸಾರಿಗೆ ಉಪ್ಪು ಹಾಕಲು ಮರೆತೆ. ಮೂವರೂ ಬಹಳ ಚೆನ್ನಾಗಿದೆ ಎಂದು ಉಂಡರು. ಅಡುಗೆಮನೆಯ ಶೆಲ್ಫಿನಲ್ಲಿ ಶರಬತ್ತಿನ ಬಾಟಲಿಗಳಿದ್ದ ಜಾಗದಲ್ಲಿ ಹುರಿಗಡಲೆ ಡಬ್ಬಿ.

ಅಶ್ವಿತಾ ನನ್ನನ್ನು ನೋಡಿ "ಹಾಯ್ ಮಾ" ಎಂದು ಕೋಣೆಗೆ ಹೋದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಬಾಗಿಲ ಆಚೆಯಿಂದ ತಮಿಳಿನಲ್ಲಿ ಉತ್ತರ ಕೊಟ್ಟಳು.

ನವೆಂಬರ್ 16, ಭಾನುವಾರ

ಮಳೆ ನಿಂತಿಲ್ಲ. ಮಾಂಬಲಂ ಸ್ಟೇಷನ್ನಿನಲ್ಲಿ ರೈಲುಗಳು ನೀರೊಳಗೆ ಹೋಗುವ ಹಾಗೆ ಹೋಗುತ್ತವೆ. ನಮ್ಮ ಗಲ್ಲಿಯಲ್ಲಿ ಮೊಣಕಾಲು ನೀರು. ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದೆ, ಯಾರದ್ದೋ ಒಂದು ಹಸಿರು ಚಪ್ಪಲಿ ತೇಲಿ ಬಂತು. ಅವಳದ್ದೇ ಇರಬೇಕು. ಕರೆದಳು, ಆದರೆ ಬಹಳ ದೂರದಿಂದ. ಮಳೆಯ ಸದ್ದಿನಲ್ಲಿ ಬೇರೆ ಯಾರನ್ನೋ ಕರೆದಂತಿತ್ತು.

ಡಿಸೆಂಬರ್ 21, ಭಾನುವಾರ

ಮಾರ್ಗಳಿ ತಿಂಗಳು ಬಂದಿದೆ. ಬೀದಿಯ ಎಲ್ಲ ಬಾಗಿಲ ಮುಂದೆಯೂ ಕೋಲ, ಇಲ್ಲಿಯವರ ರಂಗೋಲಿ. ನನ್ನ ಕೈ ಈಗ ಕುಡಿಯದೆಯೂ ನಡುಗುತ್ತದೆ. ಬಿಳಿ ಮಾತ್ರೆಯ ನಡುಕ ಇದು, ಹೆದರಬೇಡಿ ಎಂದಿದ್ದಾರೆ ಡಾಕ್ಟರ್. ಗೆರೆ ಎಳೆದರೆ ಹಾವಾಯಿತು. ಮೇಲಿನ ಮನೆಯ ಅಜ್ಜಿ ಬಗ್ಗಿ ನೋಡಿ, ಹೊಸ ಡಿಸೈನಾ ಎಂದು ಕೇಳಿದರು. ಹೌದು ಎಂದೆ.

ಶನಿವಾರ ಮಾಧವರಂಗೆ ಎಳಿಲರಸಿಯೂ ಬಂದಿದ್ದಳು. ಗಂಡನಿಗೆ ಬಲೆ ಹೊಲಿದು ಕೊಡುತ್ತಾಳಂತೆ. ಕುಡಿದಿಲ್ಲ.

2026 ಜನವರಿ 18, ಭಾನುವಾರ

ಏನೂ ಇಲ್ಲ ಬರೆಯಲು. ಅದೇ ತೊಂದರೆ. ಬೆಳಗು ಬೆಳಗಿನ ಹಾಗೆ ಇರುತ್ತದೆ, ಸಂಜೆ ಸಂಜೆಯ ಹಾಗೆ. ಕನಸು ಬೀಳುವುದಿಲ್ಲ. ಬಾಯಿ ಒಣಗುತ್ತದೆ, ಕೊಡಗಟ್ಟಲೆ ನೀರು ಕುಡಿಯುತ್ತೇನೆ. ನೀರು ಬರೀ ನೀರು.

ಅವಳು ಬಂದು ಎಷ್ಟು ದಿನವಾಯಿತು? ಒಬ್ಬಳು ಗೆಳತಿ ಹೇಳದೆ ಊರು ಬಿಟ್ಟ ಹಾಗಿದೆ. ನಾನು ಚೆನ್ನಾಗಿದ್ದೇನೆ, ಎಲ್ಲರೂ ಹೇಳುತ್ತಾರೆ. ಚೆನ್ನಾಗಿರುವವಳಿಗೆ ಮಾತ್ರೆ ಯಾಕೆ?

ಇವತ್ತು ಬಿಳಿ ಮಾತ್ರೆ ನುಂಗಲಿಲ್ಲ. ನಾಳೆ ನೋಡೋಣ.

ಫೆಬ್ರವರಿ 3, ಮಂಗಳವಾರ

ಎಷ್ಟು ಬೆಳಕು! ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬಾಲ್ಕನಿ ತೊಳೆದೆ, ಎಲ್ಲ ಪರದೆಗಳನ್ನು ಒಗೆದೆ, ಅಶ್ವಿತಾಳ ಇಡೀ ವರ್ಷದ ಸೋಷಿಯಲ್ ಪಾಠಕ್ಕೆ ಬಣ್ಣದ ಭೂಪಟ ಬರೆದೆ, ಅವಳು ನೋಡಿ "ಮಾ, ಥ್ಯಾಂಕ್ಸ್, ಆದ್ರೆ ಇದು ಸಿಲಬಸ್‌ನಲ್ಲಿಲ್ಲ" ಎಂದಳು, ಇಲ್ಲದಿದ್ದರೆ ಏನಾಯಿತು, ನದಿಗಳಿಗೆ ಸಿಲಬಸ್ ಇದೆಯೇ? ಕೈ ನಡುಗುವುದು ನಿಂತಿದೆ. ಗಲ್ಲಿಯ ತುದಿಯವರೆಗೂ ಕೋಲ ಹಾಕಿದೆ, ಒಂದೇ ಗೆರೆ, ಎತ್ತದೆ ಹಾಕಿದೆ, ಹಾಲಿನವನು ಸೈಕಲ್ಲಿನಿಂದ ಇಳಿದು ಅದನ್ನು ದಾಟಿ ಹೋದ. ಅಡೆಯಾರು, ಕೂವಂ, ಕೊಸಸ್ತಲೆ, ಮೂರು ನದಿಯೂ ಒಂದು ಕಾಲದಲ್ಲಿ ನಮ್ಮ ಮನೆಯ ಕೆಳಗೆ ಕೂಡುತ್ತಿದ್ದವು ಎಂದು ನನಗೆ ಇವತ್ತು ಥಟ್ಟನೆ ಹೊಳೆಯಿತು, ಅದಕ್ಕೇ ಅವಳ ದನಿ ಅಷ್ಟು ತಣ್ಣಗೆ! ಒಂದು ಪುಸ್ತಕ ಬರೆಯಬೇಕು. ಹೋಟೆಲಿನ ಗೋಡೆಯ ತುಂಬ ಕರಾವಳಿಯ ಭೂಪಟ ಬಿಡಿಸಬೇಕು, ದೋಸೆ ತಿನ್ನುತ್ತ ಜನ ಕಾಸರಗೋಡಿನಿಂದ ಕಾರವಾರಕ್ಕೆ ಹೋಗಬಹುದು. ಇವರಿಗೆ ಹೇಳಿದೆ. ಇವರು ನನ್ನ ಮುಖವನ್ನೇ ನೋಡಿದರು.

"ನಿದ್ದೆ ಮಾಡಿದ್ಯಾ ನೀನು?" ಎಂದರು.

"ನಿದ್ದೆ ಯಾರಿಗೆ ಬೇಕು?" ಎಂದೆ. ನಕ್ಕೆ. ಇವರು ನಗಲಿಲ್ಲ. ಇವರಿಗೆ ನಾನು ಚೆನ್ನಾಗಿದ್ದರೂ ಆಗುವುದಿಲ್ಲ.

ಅತ್ತೆ ಮಾತ್ರೆ ಡಬ್ಬಿಯನ್ನು ಅಲ್ಲಾಡಿಸಿ ನೋಡುತ್ತಿದ್ದರು. ಕಣ್ಣು ಕಾಣದವರು ಕಿವಿಯಿಂದ ಏನು ನೋಡುತ್ತಾರೋ.

ಫೆಬ್ರವರಿ 6, ಶುಕ್ರವಾರ

ಎಣ್ಣೂರಿಗೆ ಹೋದೆ! ಯಾರಿಗೂ ಹೇಳಲಿಲ್ಲ. ಎಳಿಲರಸಿಗೆ ಅಂಗಡಿಯಲ್ಲಿ ಇದ್ದಬದ್ದ ಸ್ವೀಟನ್ನೆಲ್ಲ ಕಟ್ಟಿಸಿಕೊಂಡು ಹೋದೆ. ರೈಲಿನ ಬಾಗಿಲಲ್ಲಿ ನಿಂತಿದ್ದೆ, ಚಿಮಣಿಗಳು ನನ್ನನ್ನು ಕಂಡು ಹೊಗೆ ಬಿಟ್ಟವು. ನೀರು ಬೆಳ್ಳಿ. ದೋಣಿಗಳು ನಿದ್ದೆಗಣ್ಣಿನಲ್ಲಿ ತಲೆಯಾಡಿಸುತ್ತಿದ್ದವು. ಸೀರೆ ಎತ್ತಿ ಕಟ್ಟಿ ನೀರಿಗಿಳಿದೆ, ಅಲ್ಲಿ ಅವಳು ಮಾತಾಡಿದಳು, ಎಷ್ಟು ದಿನದ ಮೇಲೆ! ವಿನೋದಾ, ಬಂದೆಯಾ, ಎಂದಳು. ಇನ್ನೂ ಸ್ವಲ್ಪ ಮುಂದೆ ಬಾ ಎಂದಳು.

ಎಳಿಲರಸಿ ನೀರಿಗೆ ಓಡಿ ಬಂದು ರಟ್ಟೆ ಹಿಡಿದಳು. ದಡದಲ್ಲಿ ಕೂರಿಸಿದಳು. ಸ್ವೀಟಿನ ಕಡೆ ನೋಡಲೂ ಇಲ್ಲ.

"ಅಕ್ಕಾ, ಮಾತ್ರೆ ಪೋಡ್ರೀಂಗಳಾ?" ಎಂದಳು. ಮಾತ್ರೆ ತಗೊಳ್ತಿದ್ದೀರಾ ಎಂದು!

ಇದನ್ನು ಕೇಳಲು ನಾನು ಅಷ್ಟು ದೂರ ಹೋದದ್ದೇ? ಮೀನು ಮಾರುವವಳು ನನ್ನನ್ನು ವಿಚಾರಿಸುವುದೇ? ಎದ್ದು ಬಂದುಬಿಟ್ಟೆ. ಅವಳು ಸ್ಟೇಷನ್ನಿನವರೆಗೂ ಹಿಂದೆ ಬಂದಳು, ಯಾರಿಗೋ ಫೋನು ಮಾಡುತ್ತ.

ಎಲ್ಲರೂ ಒಂದು ಕಡೆ. ನಾನು ಮತ್ತು ಅವಳು ಒಂದು ಕಡೆ. ಅವಳು ಸುಮ್ಮನಾಗುತ್ತಿಲ್ಲ. ರೈಲಿನ ಚಕ್ರದಲ್ಲಿ ಕೂತು ಮಾತಾಡುತ್ತಿದ್ದಾಳೆ.

ಫೆಬ್ರವರಿ 9, ಸೋಮವಾರ

ಕುಡಿದೆ.

ಫೆಬ್ರವರಿ 24, ಮಂಗಳವಾರ

ಮತ್ತೆ ಮಾಧವರಂ. ಮತ್ತೆ ಕ್ರೇಟುಗಳ ಸದ್ದು. ಈ ಸಲ ಕಿಟಕಿಯ ಹತ್ತಿರದ ಮಂಚ ಕೊಟ್ಟಿದ್ದಾರೆ.

ನಡೆದದ್ದನ್ನು ಬರೆಯುತ್ತೇನೆ. ಎಣ್ಣೂರಿನಿಂದ ಬಂದ ಮೇಲೆ ಅವಳು ಬಾಯಿ ಮುಚ್ಚಲಿಲ್ಲ. ಬಾ ಎನ್ನುತ್ತಿದ್ದವಳು ಬಯ್ಯಲು ಶುರುಮಾಡಿದಳು. ಆ ಭಾನುವಾರ ಮಾಲ್‌ನೊಳಗಿನ ಬ್ರಾಂದಿ ಅಂಗಡಿಗೆ ಹೋದೆ, ಅಲ್ಲಿ ಹೆಂಗಸರ ಮುಖವನ್ನು ಯಾರೂ ನೋಡುವುದಿಲ್ಲ. ಮರುದಿನ ಇವರು ಹೋಟೆಲಿಗೆ ಹೋದ ಮೇಲೆ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಕುಡಿದೆ.

ಶಾಲೆಯಿಂದ ಬಂದ ಅಶ್ವಿತಾ ಬಾಗಿಲು ಬಡಿದು ತೆಗೆಸಿದಳು. ನನ್ನ ಕೂದಲು ಹಿಂದಕ್ಕೆ ಹಿಡಿದುಕೊಂಡಳು, ನಾನು ಕಾರುತ್ತಿದ್ದೆ. "ಪರವಾಯಿಲ್ಲಮ್ಮಾ, ಪರವಾಯಿಲ್ಲ," ಎನ್ನುತ್ತಿದ್ದಳು. ನನ್ನ ಅಮ್ಮ ಅವಳೋ ಅವಳ ಅಮ್ಮ ನಾನೋ ಎಂಬುದು ಆ ನೀರಿನ ಸದ್ದಿನಲ್ಲಿ ಮರೆತುಹೋಯಿತು.

ಇವರು ಬಂದು ಬಾಗಿಲಲ್ಲಿ ನಿಂತರು. "ಇನ್ನು ನನ್ನಿಂದ ಆಗೂದಿಲ್ಲ ಅಮ್ಮ," ಎಂದರು. ನನಗಲ್ಲ, ಅತ್ತೆಗೆ.

ಆಟೋದಲ್ಲಿ ನನ್ನನ್ನು ಇಲ್ಲಿಗೆ ಕರೆತಂದದ್ದು ಅತ್ತೆ. ನಾನು ಎಣ್ಣೂರಿಗೆ ಹೋದ ದಿನವೇ ಎಳಿಲರಸಿ ಡಾಕ್ಟರಿಗೆ ಫೋನು ಮಾಡಿ ಎಲ್ಲ ಹೇಳಿದ್ದಳಂತೆ. ಡಾಕ್ಟರ್ ಮನೆಗೆ ಫೋನು ಮಾಡಿದಾಗ ನಾನೇ ಎತ್ತಿ, ಎಲ್ಲ ಸರಿಯಿದೆ ಎಂದು ಇಟ್ಟೆನಂತೆ. ನೆನಪಿಲ್ಲ.

ಬಯ್ಯುತ್ತಾರೆ ಎಂದು ತಲೆ ತಗ್ಗಿಸಿ ಕೂತಿದ್ದೆ. ರಚನಾ ಕೇಳಿದ್ದು ಒಂದೇ. "ಮೊದಲ ಯಾವುದು ನಿಂತಿತು, ಹೇಳ್ರಿ."

"ಬಿಳಿ ಮಾತ್ರೆ."

"ಯಾಕ ನಿಲ್ಲಿಸಿದ್ರಿ?"

"ಎಲ್ಲ ಬೂದಿ ಬಣ್ಣ ಆಗಿತ್ತು. ಕೈ ನಡುಗುತ್ತಿತ್ತು. ಅವಳು ಇರಲಿಲ್ಲ."

"ಇದನ್ನ ಜನವರಿದಾಗ ನನಗ ಹೇಳಬೇಕಿತ್ತು. ಬೂದಿ ಬಣ್ಣಕ್ಕೂ ಏನರೆ ಮಾಡಬಹುದು. ಮಾತ್ರೆ ಸ್ವಲ್ಪ ಇಳಸೋಣ, ಇನ್ನೊಂದು ಸೇರಸೋಣ. ನೀವೇ ಒಬ್ಬರೇ ಡಾಕ್ಟರ್ ಆಗಬ್ಯಾಡ್ರಿ, ಅಷ್ಟ."

ಹೊರಗೆ ಬೆಂಚಿನ ಮೇಲೆ ಅತ್ತೆ ನನ್ನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಬೀದಿಯ ಕಡೆ ಮುಖ ಮಾಡಿ ಹೇಳಿದರು. "ನನ್ನ ಅಮ್ಮನಿಗೂ ಹೀಗೆಯೇ ಬರ್ತಿತ್ತು. ಒಂದು ತಿಂಗಳು ಹಾಡಿ ಕುಣಿದು ಮಾಡೂದು, ಮತ್ತೆ ಮೂಲೆ ಹಿಡಿಯೂದು. ಹಿತ್ತಿಲ ಕೋಣೆಗೆ ಹಾಕಿ ಚಿಲಕ ಹಾಕ್ತಿದ್ರು. ನಾನು ಸಣ್ಣವಳು. ಬಾಗಿಲ ಸಂದಿಯಲ್ಲಿ ಬೆರಳು ತೂರಿಸಿದ್ರೆ ಹಿಡ್ಕೊಳ್ತಿದ್ರು." ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದರು. "ಆಗ ಎಂತ ಔಷಧ ಇತ್ತು ಹೇಳು. ನಿನಗೆ ಉಂಟಲ್ಲ, ನುಂಗ್ಲಿಕ್ಕೆ ಎಂತ ಬೇನೆ?"

ಮಾರ್ಚ್ 22, ಭಾನುವಾರ

ಮನೆಗೆ ಬಂದು ಎರಡು ವಾರದ ಮೇಲಾಯಿತು. ಇವರು ಅದೇ ಕೋಣೆಯಲ್ಲಿ ಮಲಗುತ್ತಾರೆ, ಗೋಡೆಯ ಕಡೆ ತಿರುಗಿ. ಹೋಗು ಎಂದಿಲ್ಲ. ಅದೇ ದೊಡ್ಡದು. ಎಳಿಲರಸಿಗೆ ಫೋನು ಮಾಡಿ, ಆ ದಿನ ಹಾಗೆ ಎದ್ದು ಬಂದದ್ದಕ್ಕೆ ಏನಾದರೂ ಹೇಳಬೇಕೆಂದಿದ್ದೆ. ಅವಳು ಬಾಯಿ ತೆರೆಯಲು ಬಿಡಲಿಲ್ಲ. ಸ್ವೀಟು ಕುಪ್ಪದ ಮಕ್ಕಳೆಲ್ಲ ತಿಂದರು ಎಂದಳು.

ಅತ್ತೆಯ ಎಡಗಣ್ಣಿನ ಆಪರೇಷನ್ನು ನಿಶ್ಚಯವಾಗಿದೆ. ಆಮೇಲೆ ಕೆಲವು ವಾರ ಹೊತ್ತುಹೊತ್ತಿಗೆ ಹನಿ ಬಿಡಬೇಕು, ಕಣ್ಣಿಗೆ ಏನೂ ತಾಗಬಾರದು. ಇವರು ಒಬ್ಬ ನರ್ಸನ್ನು ಗೊತ್ತುಮಾಡಲು ಹೊರಟಿದ್ದರು.

"ನರ್ಸು ಎಂತಕ್ಕೆ? ಇವಳಿಲ್ವಾ?" ಎಂದರು ಅತ್ತೆ.

ಇವರು ಅನ್ನ ಕಲಸುತ್ತಲೇ ಇದ್ದರು. "ಅವಳ ಕೈ ನಡುಗ್ತದಲ್ಲ ಅಮ್ಮ."

"ನನ್ನ ತಲೆಯೂ ನಡುಗ್ತದೆ. ಎರಡೂ ಎಲ್ಲಾದ್ರೂ ಒಂದು ಕಡೆ ಸಿಗ್ತದೆ."

"ತಮಾಷೆ ಅಲ್ಲ ಇದು. ಕಣ್ಣಿನ ವಿಷಯ. ನಾಳೆ ಇವಳು ಮತ್ತೆ..." ಇವರು ನಿಲ್ಲಿಸಿದರು. ಅಶ್ವಿತಾ ತಟ್ಟೆ ನೋಡುತ್ತಿದ್ದಳು.

ಅತ್ತೆಗೆ ನನ್ನ ಮುಖ ಕಾಣುವುದಿಲ್ಲ, ಒಳ್ಳೆಯದಾಯಿತು. "ಕಣ್ಣು ನಂದು ಮಧ್ವ," ಎಂದರು. "ಹೋದ್ರೆ ನನ್ನದಲ್ವಾ ಹೋಗೂದು?"

ಎಲ್ಲರೂ ಎದ್ದ ಮೇಲೆ, ನನ್ನಿಂದ ಆಗುವುದಿಲ್ಲ ಎಂದು ಹೇಳಲು ಅವರ ಹತ್ತಿರ ಹೋದೆ. ಎಲೆ ಅಡಿಕೆ ಕುಟ್ಟುತ್ತಿದ್ದರು. ಕುಟ್ಟುವ ಸದ್ದು ಎಷ್ಟು ಚೆನ್ನಾಗಿತ್ತೆಂದರೆ ಅಲ್ಲೇ ಕೂತುಬಿಟ್ಟೆ. ಹೇಳಲಿಲ್ಲ.

ಏಪ್ರಿಲ್ 2, ಗುರುವಾರ

ಆಪರೇಷನ್ ಆಯಿತು. ಮನೆಗೆ ಕರೆತಂದೆವು. ಕಪ್ಪು ಕನ್ನಡಕ ಹಾಕಿಕೊಂಡು ಅತ್ತೆ ಹಳೆಯ ಸಿನಿಮಾದ ಕಳ್ಳನ ಹಾಗೆ ಕೂತಿದ್ದಾರೆ.

ಮೊದಲ ಹನಿ ಮೂಗಿನ ಮೇಲೆ ಬಿತ್ತು. ಎರಡನೆಯದು ಕಿವಿಗೆ ಹೋಯಿತು. "ಕಿವಿಗೂ ಪೊರೆ ಬಂದಿದೆ, ಬಿಡು," ಎಂದರು. ನನಗೆ ನಗು ಬರಲಿಲ್ಲ. ಬೆವರುತ್ತಿದ್ದೆ. ಕೈಯನ್ನು ಎಷ್ಟು ಬಿಗಿ ಮಾಡಿದರೆ ಅಷ್ಟು ನಡುಗುತ್ತಿತ್ತು. ಇವರು ಬಾಗಿಲಲ್ಲಿ ನಿಂತಿದ್ದರು. ಹೋಟೆಲಿಗೆ ಹೊತ್ತಾದರೂ ಹೋಗಿರಲಿಲ್ಲ.

ಅಶ್ವಿತಾ ಎಲ್ಲಿಂದಲೋ ಬಂದು ಪಕ್ಕದಲ್ಲಿ ಮೊಣಕಾಲೂರಿದಳು. "ಅಮ್ಮಾ, ಕೈಯ ನೆತ್ತಿಲ ವೈ," ಎಂದಳು. ಕೈಯನ್ನು ಅಜ್ಜಿಯ ಹಣೆಯ ಮೇಲಿಡು ಎಂದು.

ಮಣಿಕಟ್ಟನ್ನು ಅತ್ತೆಯ ಹಣೆಗೆ ಊರಿದೆ. ಬೆಚ್ಚಗಿತ್ತು. ಅವರ ತಲೆ ಅಲ್ಲಾಡಿದ ಹಾಗೆ ಕೈಯೂ ಜೊತೆಗೇ ಅಲ್ಲಾಡಿತು, ದಡಕ್ಕೆ ಕಟ್ಟಿದ ದೋಣಿಯಂತೆ. ಹನಿ ತುಂಬಿಕೊಂಡಿತು, ತೂಗಿತು, ಬಿದ್ದುಬಿಟ್ಟಿತು. ಸರಿಯಾಗಿ ಕಣ್ಣಿನೊಳಗೆ.

"ತಂಪಾಯ್ತು," ಎಂದರು.

ತಿರುಗಿ ನೋಡಿದರೆ ಇವರು ಬಾಗಿಲಲ್ಲಿ ಇರಲಿಲ್ಲ. ಕೆಳಗೆ ಸ್ಕೂಟರ್ ಸದ್ದು.

ಏಪ್ರಿಲ್ 5, ಭಾನುವಾರ

ಹನಿ ಬಿಡುವ ಮೊದಲು ಕೈಗೆ ಹಚ್ಚಿಕೊಳ್ಳಲು ಆಸ್ಪತ್ರೆಯವರು ಒಂದು ಬಾಟಲಿ ಕೊಟ್ಟಿದ್ದಾರೆ. ಸ್ಪಿರಿಟ್ಟಿನ ವಾಸನೆ. ಇವತ್ತು ಅಂಗೈಯಲ್ಲಿ ಹಾಕಿಕೊಂಡವಳು ಹಾಗೆಯೇ ಮುಖದ ಹತ್ತಿರ ಹಿಡಿದು ನಿಂತೆ. ಬಾಯಿ ತುಂಬ ನೀರು. ಎಷ್ಟು ಹೊತ್ತು ನಿಂತಿದ್ದೆನೋ. ಒಳಗಿನಿಂದ ಅಶ್ವಿತಾಳ ಮೊಬೈಲಿನ ಅಲಾರಾಂ ಹೊಡೆಯಿತು, ಹನಿಯ ಹೊತ್ತು. ಕೈ ತೊಳೆದು, ಸೋಪಿನಿಂದ ಇನ್ನೊಮ್ಮೆ ತೊಳೆದು ಹೋದೆ.

ಆಮೇಲೆ ಇವರಿಗೆ ಬಾಟಲಿ ಕೊಟ್ಟು, "ಇದು ಮನೆಯಲ್ಲಿ ಬೇಡ. ನಾನು ಸೋಪಿನಲ್ಲೇ ತೊಳೆದುಕೊಳ್ಳುತ್ತೇನೆ," ಎಂದೆ.

ಇವರು ಯಾಕೆಂದು ಕೇಳಲಿಲ್ಲ. ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಅದರ ಮೇಲಿನ ಚೀಟಿ ಓದುತ್ತ ನಿಂತರು. "ಆಯ್ತು, ಹೋಟೆಲಿಗೆ ತಗೊಂಡು ಹೋಗ್ತೇನೆ," ಎಂದರು. ಮತ್ತೆ, "ನೀನು ಹೇಳಿದ್ದು ಒಳ್ಳೇದಾಯ್ತು," ಎಂದರು.

ಶನಿವಾರ ಇದನ್ನು ಎಳಿಲರಸಿಗೆ ಹೇಳಬೇಕು.

ಏಪ್ರಿಲ್ 20, ಸೋಮವಾರ

ಮಾಧವರಂ. ರಕ್ತ ಪರೀಕ್ಷೆ ಸರಿಯಿದೆ. ಹೊಸ ಅಳತೆಯ ಮಾತ್ರೆಯಲ್ಲಿ ಬಾಯಿ ಅಷ್ಟು ಒಣಗುವುದಿಲ್ಲ. ನಡುಕ ಇದೆ, ಇರಲಿ.

ಡಾಕ್ಟರ್ ಬರೆದುಕೊಳ್ಳುತ್ತ, "ಅವಳು ಹೆಂಗದಾಳ?" ಎಂದು ಕೇಳಿದರು. ಪರವಾಗಿಲ್ಲ, ಪರೀಕ್ಷೆ ಮುಗಿಯಿತು, ಗಣಿತ ಸ್ವಲ್ಪ ಕಷ್ಟವಾಯಿತಂತೆ, ಸೋಷಿಯಲ್ ಚೆನ್ನಾಗಿ ಮಾಡಿದ್ದಾಳೆ, ಈಗ ದಿನವಿಡೀ ಮೊಬೈಲು ಎಂದೆ. ರಚನಾ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿ ನಕ್ಕರು. ಗಣಿತ ಕಷ್ಟವಾದರೆ ನಗುವುದೇನಿದೆಯೋ. ಅವರಿಗೆ ಮಕ್ಕಳಿಲ್ಲ ಎಂದು ಕಾಣುತ್ತದೆ.

ಬರುವಾಗ ಬಿಸಿಲು. ಬಸ್ ಸ್ಟ್ಯಾಂಡಿನಲ್ಲಿ ನುಂಗು ಕೊಂಡೆ. ತಾಟಿನಿಂಗೆಂದರೆ ಅತ್ತೆಗೆ ಜೀವ.

ಮೇ 3, ಭಾನುವಾರ

ಎರಡು ವಾರ ಬರೆಯಲಿಲ್ಲ. ಬರೆಯಲು ಹೊತ್ತೆಲ್ಲಿ. ಇವತ್ತು ಸಿಟ್ಟಿಗೆ ಬರೆಯುತ್ತಿದ್ದೇನೆ.

ಅತ್ತೆಗೆ ಹೊಸ ಕನ್ನಡಕ ಬಂತು. ಬೆಳಿಗ್ಗೆ ಅದನ್ನು ಹಾಕಿಕೊಂಡು ಮನೆಯನ್ನು ಒಂದು ಸುತ್ತು ಹಾಕ್ತೇನೆ ಎಂದು ಎದ್ದರು. ನನಗೆ ಸಂತೋಷವೇ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಕೂಗು.

"ವಿನೋದಾ! ಇದೆಂತ ಇದು, ಅಟ್ಟದಲ್ಲಿ ಜೇಡರ ಬಲೆಯಾ ತೊಟ್ಟಿಲಾ? ಕುಕ್ಕರಿನ ಅಡಿ ನೋಡು, ಕಾಗೆಗೆ ನಾಚಿಕೆ ಆಗ್ಬೇಕು. ಈ ಬೇಳೆ ಆರಿಸಿದ್ದು ಯಾರು? ಕಲ್ಲೇ ಹೆಚ್ಚುಂಟು. ಇಷ್ಟು ದಿವಸ ಇದನ್ನಾ ನನಗೆ ತಿನ್ನಿಸಿದ್ದು ನೀನು?"

ಹನಿ ಬಿಟ್ಟೂ ಬಿಟ್ಟೂ ನನ್ನ ಸೊಂಟ ಬಿದ್ದಿದೆ. ಹೊರಗೆ ಇಲ್ಲಿಯವರು ಕತ್ತರಿ ಎನ್ನುವ ಮೇ ತಿಂಗಳ ಬಿಸಿಲು. ತಡೆಯಲಾಗಲಿಲ್ಲ. "ಕಣ್ಣು ಕಾಣದಿದ್ದಾಗಲೇ ನೀವು ಚಂದ ಇದ್ದಿರಿ ಅತ್ತೆ," ಎಂದೆ.

ಹೊರಟಿದ್ದ ಇವರು ಒಂದು ಕೈ ಅಂಗಿಯೊಳಗೆ, ಒಂದು ಕೈ ಹೊರಗೆ, ಹಾಗೆಯೇ ನಿಂತು ನನ್ನ ಮುಖದಲ್ಲಿ ಏನನ್ನೋ ಹುಡುಕಿದರು. ಏನು ಹುಡುಕಿದರೋ, ಸಿಕ್ಕಲಿಲ್ಲ ಎಂದು ಕಾಣುತ್ತದೆ. ಅಷ್ಟರಲ್ಲಿ ಅಶ್ವಿತಾ ಕೋಣೆಯೊಳಗಿನಿಂದ "ಅಜ್ಜಿ ಔಟ್!" ಎಂದು ಜೋರಾಗಿ ನಕ್ಕಳು.

"ಬಾಯಿ ನೋಡು ಇವಳದ್ದು!" ಎಂದರು ಅತ್ತೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಗುವುದು ಬೇರೆ.

ಇವರದ್ದು ಇನ್ನೊಂದು. ಹೋಟೆಲಿಗೆ ಹೋಗುವ ಹೊತ್ತಿನಲ್ಲಿ ಅಂಗಿ ಹಾಕುವುದನ್ನು ಬಿಟ್ಟು ಕುರ್ಚಿ ಎಳೆದು ಕೂತು, "ಕಾಫಿ ಕೊಡು," ಎಂದರು. ಹೋಟೆಲಿನಲ್ಲಿ ಡ್ರಮ್ಮುಗಟ್ಟಲೆ ಕಾಫಿ ಇರುವವರು! ಕೊಟ್ಟೆ. ಒಂದು ಗುಟುಕು ಕುಡಿದು, "ಸಕ್ಕರೆ ಕಮ್ಮಿ," ಎಂದರು. ಎಲ್ಲರಿಗೂ ಒಂದೇ ದಿನ ಬಾಯಿ ಬಂದಿದೆ.

ಈಗ ಅತ್ತೆ ಮತ್ತೆ ಕರೆಯುತ್ತಿದ್ದಾರೆ. ಮಾವಿನ ಮಿಡಿಯ ಭರಣಿಯಲ್ಲಿ ಏನೋ ಕಂಡಿರಬೇಕು. ಎರಡು ಸಾಲು ಬರೆಯಲು ಬಿಡುವುದಿಲ್ಲ ಈ ಮನೆಯಲ್ಲಿ.

ಬಂದೆ ಎಂದು ಕೂಗಿದೆ. ಸ್ವಲ್ಪ ಜೋರಾಗಿಯೇ.